ಜೋಳಕ್ಕೆ ಜೋಳವೇ ದಾಯಾದಿ

ನರಗುಂದದ ಕಡೆ ಒಂದು ಎರೆಹೊಲ. ಜನವರಿ ತಿಂಗಳು. ಹಿಂಗಾರಿ ಬಿಳಿಜೋಳ ಗೋಡೆಯ ಹಾಗೆ ಒತ್ತಾಗಿ ನಿಂತಿತ್ತು. ತೆನೆ ಮಾತ್ರ ಮುಷ್ಟಿಯೊಳಗೆ ಅಡಗುವಷ್ಟೇ. ಕೆಲವು ದಂಟಿನಲ್ಲಿ ಹೊಡೆಯೇ ಬಿಚ್ಚಿರಲಿಲ್ಲ, ತೆನೆ ಎಲೆಯೊಳಗೇ ಉಳಿದಿತ್ತು. ಹೊಲದ ಯಜಮಾನರು ನನ್ನನ್ನು ಸಾಲುಸಾಲಿಗೂ ಕರೆದುಕೊಂಡು ಹೋದರು.

"ಒಂದು ಕಸ ತೋರಸ್ರಿ ಸಾಹೇಬ್ರ. ಜೇಕು ಇಲ್ಲ, ಕರಕಿ ಇಲ್ಲ. ಮತ್ತ ನನ್ನ ಬೆಳಿ ತಿಂದವರು ಯಾರು?"

"ಬೀಜ ಎಷ್ಟು ಹಾಕಿದ್ರಿ ಕಾಕಾ?"

"ಎಕರೆಕ್ಕ ಆರು ಕೆಜಿ. ಮಳಿ ನಂಬಿಕಿ ಇರಲಿಲ್ಲ. ಅರ್ಧ ಸತ್ರೂ ಅರ್ಧ ಉಳೀತಾವ ಅಂತ ಕೈ ಸಡ್ಲ ಬಿಟ್ಟೆ."

ತಿಂದವರು ಯಾರು ಎಂಬುದು ಗೊತ್ತಾಯಿತು. ಜೋಳವನ್ನು ಜೋಳವೇ ತಿಂದಿತ್ತು.

ಲೆಕ್ಕ ಸರಳ. ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15. ಹೀಗಿಟ್ಟರೆ ಎಕರೆಗೆ ಸುಮಾರು 60 ಸಾವಿರ ಗಿಡ ಹಿಡಿಸುತ್ತವೆ. ಮೂರು ಕೆಜಿ ಬೀಜದಲ್ಲಿ ಹೆಚ್ಚುಕಡಿಮೆ 90 ಸಾವಿರ ಕಾಳು. ಮೊಳೆಯದವು, ಇರುವೆ ಒಯ್ದವು, ಸುಳಿನೊಣ ಹೊಡೆದವು ಎಲ್ಲ ಕಳೆದರೂ ಬೇಕಾದಷ್ಟು ಉಳಿಯುತ್ತವೆ. ಆರು ಕೆಜಿ ಅಂದರೆ 1 ಲಕ್ಷದ 80 ಸಾವಿರ. ಆ ವರ್ಷ ಕಾಕಾನ ದುರದೃಷ್ಟಕ್ಕೆ ಮೊಳಕೆ ಚೆನ್ನಾಗಿ ಬಂತು.

ಹಿಂಗಾರಿಯಲ್ಲಿ ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರೆಮಣ್ಣು ಹೀರಿ ಇಟ್ಟುಕೊಂಡ ಹಸಿಯೇ ಕೊನೆಯವರೆಗೂ ಗತಿ. ಆ ಹಸಿಗೆ 60 ಸಾವಿರ ಬಾಯಿ ಬೀಳುವ ಬದಲು ಅದರ ಎರಡರಷ್ಟು ಬಿದ್ದವು. ಡಿಸೆಂಬರ್‌ವರೆಗೆ ಹೊಲ ನೋಡಲು ಚೆಂದ, ಊರೆಲ್ಲ ಹೊಗಳಿರುತ್ತಾರೆ. ಹೊಡೆ ಬಿಚ್ಚುವ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ. ಗಿಡಕ್ಕೆ ನೀರು ಜಾಸ್ತಿ ಬೇಕಾದದ್ದೇ ಆಗ. ನೀರೆಲ್ಲ ಆಗಲೇ ಎಲೆಗೆ, ದಂಟಿಗೆ ಖರ್ಚಾಗಿ ಹೋಗಿತ್ತು.

ಕಸ ಶತ್ರು, ಬೆಳೆ ನಮ್ಮದು ಎಂದು ನಾವು ಗೆರೆ ಎಳೆಯುತ್ತೇವೆ. ಬೇರಿಗೆ ಆ ಗೆರೆ ಗೊತ್ತಿಲ್ಲ. ಒಂದೇ ಆಳಕ್ಕೆ ಇಳಿಯುವ, ಒಂದೇ ಸಮಯಕ್ಕೆ ನೀರು ಕೇಳುವ ಎರಡು ಗಿಡಗಳ ನಡುವಿನ ಜಗಳವೇ ಜೋರು. ಪಾಲಿಗೆ ಬಡಿದಾಡುವವರು ಅಣ್ಣತಮ್ಮಂದಿರೇ ಅಲ್ವಾ?

ರಷ್ಯದ ವಿಜ್ಞಾನಿ ಗೌಸ್ 1930ರ ದಶಕದಲ್ಲಿ ಇದನ್ನು ಗಾಜಿನ ಕೊಳವೆಯಲ್ಲಿ ನೋಡಿದ್ದ. ಪ್ಯಾರಮೀಸಿಯಂ ಎಂಬ ಕಣ್ಣಿಗೆ ಕಾಣದ ಜೀವಿಯ ಎರಡು ಜಾತಿಗಳನ್ನು ಒಟ್ಟಿಗೆ ಬಿಟ್ಟ. ತಿನ್ನುವುದು ಒಂದೇ, ತಿನ್ನುವ ಜಾಗವೂ ಒಂದೇ. ಕೆಲವೇ ವಾರಗಳಲ್ಲಿ ಒಂದು ಜಾತಿ ಇನ್ನೊಂದನ್ನು ಇಲ್ಲವಾಗಿಸಿತು. ಬೇರೊಂದು ಜೋಡಿ ಬಿಟ್ಟಾಗ ಎರಡೂ ಬದುಕಿದವು, ಯಾಕೆಂದರೆ ಒಂದು ಮೇಲೆ ತಿನ್ನುತ್ತಿತ್ತು, ಇನ್ನೊಂದು ತಳದಲ್ಲಿ.

ಈ ಎರಡನೇ ಜೋಡಿಯ ಕಥೆ ನಮ್ಮ ಕುಂದಗೋಳ, ಸವಣೂರು, ಗದಗ ಭಾಗದ ರೈತರಿಗೆ ಹೊಸದೇನಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆದವರು ಇವರು. ಉಳ್ಳಾಗಡ್ಡಿ ಬೇರು ಮೇಲಿನ ಒಂದು ಅಡಿ ಬಿಟ್ಟು ಕೆಳಗೆ ಹೋಗುವುದು ಕಡಿಮೆ. ಹತ್ತಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಮೆಣಸಿನಕಾಯಿ ನಡುವೆ. ಸಮಯದಲ್ಲೂ ಹಾಗೆಯೇ. ಉಳ್ಳಾಗಡ್ಡಿ ಮೊದಲು ಹೊಲ ಬಿಡುತ್ತದೆ, ಮೆಣಸಿನಕಾಯಿ ಆಮೇಲೆ ಕೆಂಪಾಗುತ್ತದೆ, ಜಯಧರ ತಳಿಯ ಹತ್ತಿ ಎಲ್ಲರಿಗಿಂತ ಕೊನೆಗೆ ಒಡೆಯುತ್ತದೆ. ಹತ್ತಿ ಬೇಗ ಹರಡುವ ತಳಿಯಾದರೆ ಈ ಹೊಂದಾಣಿಕೆ ಕೆಡುತ್ತದೆ. ನೆರಳು ಬಿದ್ದ ಮೆಣಸಿನ ಗಿಡ ಸುಮ್ನೆ ಉದ್ದವಾಗುತ್ತದೆ, ಕಾಯಿ ಹಿಡಿಯುವುದಿಲ್ಲ.

ನೆರಳಿನ ಜಗಳ ನೀರಿನ ಜಗಳಕ್ಕಿಂತ ಕಟುಕ. ನೆಲದೊಳಗೆ ಸಣ್ಣ ಬೇರಿಗೂ ಸಣ್ಣ ಪಾಲು ಸಿಗುತ್ತದೆ. ಬಿಸಿಲು ಹಾಗಲ್ಲ, ಅದು ಬರುವುದೇ ಮೇಲಿನಿಂದ. ನಾಲ್ಕು ಬೆರಳು ಎತ್ತರ ಇದ್ದವನು ಬಹುಪಾಲು ಬಾಚಿಕೊಳ್ಳುತ್ತಾನೆ, ಬಾಚಿಕೊಂಡು ಇನ್ನೂ ಎತ್ತರವಾಗುತ್ತಾನೆ. ಅದಕ್ಕೇ ಕಸ ಎಷ್ಟು ಬಂತು ಎನ್ನುವುದಕ್ಕಿಂತ ಯಾವಾಗ ಬಂತು ಎಂದು ನಾನು ಕೇಳುವುದು. ಜೋಳದಲ್ಲಿ ಮೊದಲ 30-40 ದಿನ ಸಾಲಿನ ನಡುವೆ ಎಡೆ ಹೊಡೆದು ಕಸ ಬಾರದಂತೆ ಕಾಯ್ದರೆ, ಆಮೇಲೆ ಬಂದ ಕಸ ಅದರ ನೆರಳಲ್ಲೇ ಸೊರಗುತ್ತದೆ. ಉಳ್ಳಾಗಡ್ಡಿಗೆ ಆ ಭಾಗ್ಯ ಇಲ್ಲ. ನೆಟ್ಟಗೆ ನಿಂತ ಸೂಜಿಯಂಥ ಎಲೆ ಯಾರಿಗೆ ನೆರಳು ಕೊಟ್ಟೀತು? ಕಸ ತೆಗೆದು ತೆಗೆದು ಹೆಣ್ಣಾಳುಗಳ ಸೊಂಟ ಮುರಿಯುವುದು ಈ ಬೆಳೆಯಲ್ಲೇ.

ನವೆಂಬರ್‌ನಲ್ಲೇ ಕರೆದಿದ್ದರೆ ಸಾಲು ಬಿಟ್ಟು ಸಾಲು ಕಿತ್ತುಬಿಡಿ ಎನ್ನುತ್ತಿದ್ದೆ. ಹಸಿ ಕಡಿಮೆಯಾದ ವರ್ಷ ಉಳಿದ ಸಾಲುಗಳಾದರೂ ಕಾಳು ಕಟ್ಟುತ್ತವೆ. ಆದರೆ ಹಸಿರು ಬೆಳೆ ಕೈಯಾರೆ ಕೀಳಿ ಎಂದರೆ ಯಾವ ರೈತನಿಗೂ ಕರುಳು ಚುರ್ ಅನ್ನುತ್ತದೆ. ನಾನೇ ಎಷ್ಟೋ ಸಲ ಹೇಳಲು ಹಿಂಜರಿದಿದ್ದೇನೆ.

ಮರುವರ್ಷ ಕಾಕಾ ಮೂರು ಕೆಜಿಗೆ ಇಳಿದರು. ಬದುವಿನ ಪಕ್ಕ ನಾಲ್ಕು ಸಾಲು ಮಾತ್ರ ಹಳೆಯ ಹಾಗೆ ಒತ್ತಾಗಿ ಬಿತ್ತಿದ್ದರು. ಯಾಕೆ ಎಂದೆ.

"ಅದು ಎತ್ತಿನ ಪಾಲು ಬಿಡ್ರಿ. ಅವಕ್ಕ ಸಣ್ಣ ದಂಟೇ ರುಚಿ."