ಕೌಂಟರ್ ಹಿಂದೆ ಕೂತವರ ಬಿಪಿ

ವರ್ಷಕ್ಕೆ ಮೂರ್ನಾಲ್ಕು ಸಲ ನನಗೆ ಈ ಫೋನ್ ಬರುತ್ತದೆ. "ಡಾಕ್ಟ್ರೇ, ನಮ್ಮ ಸಿಬ್ಬಂದಿಗೆ ಟೆನ್ಷನ್ ಜಾಸ್ತಿ ಆಗಿದೆ, ಒಂದು ಗಂಟೆ ಬಂದು ಧ್ಯಾನ ಹೇಳಿಕೊಟ್ಟು ಹೋಗಿ." ನಾನು ಕೆಲಸದ ಜಾಗದ ಆರೋಗ್ಯ ನೋಡುವ ವೈದ್ಯ, ಧ್ಯಾನದ ಗುರು ಅಲ್ಲ. ಆದರೂ ಹೋಗುತ್ತೇನೆ. ಕಳೆದ ಸಲ ಹೋದಾಗ ಮುಂದಿನ ಸಾಲಲ್ಲಿ ಕಣ್ಣು ಮುಚ್ಚಿ ಕೂತವರೆಲ್ಲ ಅಧಿಕಾರಿಗಳು. ಕೌಂಟರಿನವರು ಎಲ್ಲಿ ಅಂತ ಕೇಳಿದೆ. "ಅವರನ್ನ ಎಬ್ಬಿಸಿದ್ರೆ ಕ್ಯೂ ಯಾರು ನೋಡ್ತಾರೆ?" ಅಂದರು.

ದೊಡ್ಡ ಕುರ್ಚಿಗೇ ದೊಡ್ಡ ಟೆನ್ಷನ್ ಅನ್ನೋ ಈ ನಂಬಿಕೆ ಕೇಳಿ ಕೇಳಿ ಸಾಕಾಗಿದೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಸುಮಾರು 18,000 ಗಂಡಸರು, ಎಲ್ಲರಿಗೂ ಗಟ್ಟಿ ನೌಕರಿ. ಆದರೂ ತೀರಾ ಕೆಳಗಿನ ದರ್ಜೆಯವರ ಸಾವಿನ ಪ್ರಮಾಣ ತೀರಾ ಮೇಲಿನವರ ಸುಮಾರು ಮೂರು ಪಟ್ಟು ಇತ್ತು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕಕ್ಕೆ ತಗೊಂಡರೂ ಆ ಅಂತರ ಪೂರ್ತಿ ಮುಚ್ಚಲಿಲ್ಲ. 1985ರಲ್ಲಿ ಸಂಶೋಧಕ ಮೈಕೆಲ್ ಮಾರ್ಮಟ್ ಅವರ ತಂಡ ಎರಡನೇ ಸುತ್ತು ಶುರು ಮಾಡಿತು, ಈ ಸಲ ಹೆಂಗಸರೂ ಸೇರಿ 10,308 ಜನ. ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು.

ಹಿಡಿತ ಅಂದ ತಕ್ಷಣ ಅಧಿಕಾರ ಅಂದುಕೊಂಡು ಮುಖ ಗಂಟು ಹಾಕಿಕೊಳ್ಳುತ್ತಾರೆ. ಸಹಿ ಹಾಕುವ ಅಧಿಕಾರ ಯಾರೂ ಕೇಳ್ತಿಲ್ಲ ಸ್ವಾಮಿ. ಇವತ್ತು ಯಾವ ಫೈಲು ಮೊದಲು ಅಂತ ತಾನೇ ತೀರ್ಮಾನಿಸಬಹುದಾ, ಐದು ನಿಮಿಷ ಎದ್ದು ಹೋಗೋಕೆ ಇನ್ನೊಬ್ಬರ ಮುಖ ನೋಡಬೇಕಾ, ಎದುರಿಗೆ ನಿಂತವರಿಗೆ ಆಗುತ್ತೆ ಇಲ್ಲ ಆಗಲ್ಲ ಅಂತ ನಿಜ ಹೇಳಬಹುದಾ, ನಿಯಮ ಬದಲಾಗುವ ಮುಂಚೆ ಒಂದು ಮಾತು ಅವರನ್ನೂ ಕೇಳುತ್ತಾರಾ. ಇಷ್ಟೇ. ಕೆಲಸ ಎಷ್ಟೇ ಇದ್ದರೂ ಇವು ಇದ್ದರೆ ಜನ ತಡೆದುಕೊಳ್ಳುತ್ತಾರೆ. ಕೆಲಸವೂ ಬೆಟ್ಟದಷ್ಟು, ಕೈಯೂ ಕಟ್ಟಿದೆ ಅಂದಾಗ ಮೈ ಸೋಲುತ್ತದೆ.

ಹಿಡಿತವೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಶಿಫ್ಟು, ಸಂಬಳ, ಮನೆಯಲ್ಲಿ ಕಾಯಿಲೆ ಬಿದ್ದವರು, ಬೈಗುಳ, ಎಲ್ಲ ಸೇರುತ್ತದೆ. ಧ್ಯಾನದಿಂದ ನಿದ್ದೆ ಬಂದರೆ ಖಂಡಿತ ಮಾಡಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್, ಅಂದರೆ ಕೆಲಸದಿಂದ ಪೂರ್ತಿ ಬಸವಳಿದು ಹೋಗುವುದರ ಬಗ್ಗೆ ಬರೆದಾಗ ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘ ಒತ್ತಡದ ಫಲ ಅಂದಿತು. ನೌಕರನ ಮನಸ್ಸು ಗಟ್ಟಿಯಿಲ್ಲ ಅಂತ ಎಲ್ಲೂ ಬರೆದಿಲ್ಲ.

ಪಿಂಚಣಿ ಕೌಂಟರಿನಲ್ಲಿದ್ದ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು. ಎರಡು ಸಲ ಮಾತ್ರೆ ಹೆಚ್ಚಿಸಿದರೂ ಬಿಪಿ ಇಳಿಯಲಿಲ್ಲ. "ಬೈಗುಳ ಅಭ್ಯಾಸ ಆಗಿದೆ ಡಾಕ್ಟ್ರೇ," ಅಂದರು. "ಫೈಲು ಎಲ್ಲಿ ನಿಂತಿದೆ ಅಂತ ನನಗೂ ಯಾರೂ ಹೇಳಲ್ಲ. ಆ ವಯಸ್ಸಾದವರ ಮುಖ ನೋಡಿ ಮುಂದಿನ ವಾರ ಬನ್ನಿ ಅಂತ ಸುಳ್ಳು ಹೇಳ್ತೀನಲ್ಲ, ಅದು ರಾತ್ರಿ ನಿದ್ದೆ ಕೊಡಲ್ಲ."

ಅವರ ಒಪ್ಪಿಗೆ ತಗೊಂಡು ಮೇಲಿನವರ ಹತ್ತಿರ ಮಾತಾಡಿದೆ. ಫೈಲು ಯಾರ ಮೇಜಿನ ಮೇಲಿದೆ ಅನ್ನೋದು ಕೌಂಟರಿನ ಕಂಪ್ಯೂಟರಿಗೂ ಕಾಣುವ ಹಾಗೆ ಮಾಡಿದರು. ಖರ್ಚೇನೂ ಆಗಲಿಲ್ಲ, ಸುಮ್ನೆ ಒಂದು ಲಾಗಿನ್ ಕೊಟ್ಟರು. ಎರಡು ತಿಂಗಳ ಮೇಲೆ ಬಂದಾಗ ನಿದ್ದೆ ಬರ್ತಿದೆ ಅಂದರು, ಬಿಪಿಯೂ ಸ್ವಲ್ಪ ಇಳಿದಿತ್ತು. ಅದರಿಂದಲೇ ಇಳಿಯಿತು ಅಂತ ನಾನು ಆಣೆ ಮಾಡಲ್ಲ. ಮಾತ್ರೆ ಇನ್ನೂ ನಡೆಯುತ್ತಿದೆ. ನೀವೂ ಇದನ್ನು ಓದಿ ಮಾತ್ರೆ ಬಿಟ್ಟುಬಿಡಬೇಡಿ.