ಹಲ್ಲಿನೊಳಗಿನ ಬೆಳ್ಳಿ: ಯಾವುದು ವಿಷ, ಯಾವುದು ಔಷಧ, ಯಾವುದು ಇನ್ನೂ ಲ್ಯಾಬಿನಲ್ಲಿದೆ

ಬೀದರಿನಲ್ಲಿ ಹಲ್ಲುನೋವು ಅಂದರೆ ಸಾಕು, ಈಗ ಮೂರು ಥರದ ಸಲಹೆ ಸಿಗುತ್ತದೆ. ಬಾಯಲ್ಲಿರುವ ಹಳೇ ಬೆಳ್ಳಿ ವಿಷ, ತೆಗೆಸಿಬಿಡಿ ಅಂತ ಒಬ್ಬರು. ಮಕ್ಕಳ ಹಲ್ಲಿಗೆ ಬೆಳ್ಳಿ ಔಷಧ ಹಚ್ಚಿಸಿದರೆ ಕೊರೆಯೋದೇ ಬೇಡ ಅಂತ ಇನ್ನೊಬ್ಬರು. ಮೂರನೆಯವರು ಮೊಬೈಲ್ ತೋರಿಸಿ, ಚಿನ್ನದ 'ನ್ಯಾನೋ' ಬಂದಿದೆ, ಸ್ವಲ್ಪ ಕಾಯಿರಿ ಅಂತಾರೆ. ಮೂರೂ ಬೇರೆ ಬೇರೆ ವಿಷಯ, ಆದರೆ ಜನರ ಬಾಯಲ್ಲಿ ಒಂದೇ ಆಗಿಬಿಟ್ಟಿವೆ.

ಮೊದಲನೆಯದು ಅಮಾಲ್ಗಮ್, ಅಂದರೆ ಹುಳುಕು ಹಲ್ಲಿನ ಕುಳಿಗೆ ತುಂಬುವ 'ಬೆಳ್ಳಿ'. ತೂಕದಲ್ಲಿ ಸುಮಾರು ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. 1840ರ ದಶಕದಲ್ಲೇ ಅಮೆರಿಕದ ದಂತವೈದ್ಯರು ಇದರ ಬಗ್ಗೆ ಜಗಳ ಆಡಿದ್ದರು. ಆದರೂ ಅಗ್ಗ, ಗಟ್ಟಿ ಅನ್ನೋ ಕಾರಣಕ್ಕೆ ಉಳಿದುಕೊಂಡಿತು. ನಾನು ಚಿಕ್ಕವನಿದ್ದಾಗ ನಮ್ಮವ್ವನ ದವಡೆ ಹಲ್ಲಿಗೆ ಇದನ್ನು ತುಂಬಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರು ಪುಟ್ಟ ಗಾಜಿನ ಖಲ್ಲಿನಲ್ಲಿ ಪುಡಿ, ಪಾದರಸ ಹಾಕಿ ಅರೆದರು. ಆಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡಿದರು. ಹೆಚ್ಚಾದ ಪಾದರಸ ಹನಿಯಾಗಿ ತಟ್ಟೆಗೆ ಬಿದ್ದು ಉರುಳಿತು, ನಾನು ಬೆರಳಿಂದ ಅದನ್ನು ಓಡಿಸಿ ಆಟ ಆಡಿದೆ. ಯಾರೂ ಬೇಡ ಅನ್ನಲಿಲ್ಲ, ಆಗ ಅದು ಯಾರಿಗೂ ತಪ್ಪು ಅನ್ನಿಸುತ್ತಿರಲಿಲ್ಲ.

ಗಟ್ಟಿಯಾದ ಮೇಲೆ ಹಲ್ಲಿನಿಂದ ಬರುವ ಆವಿ ತುಂಬಾ ಕಡಿಮೆ. ದೊಡ್ಡ ಚಿಂತೆ ಅರೆಯುವವರದ್ದು, ಮತ್ತೆ ಚರಂಡಿ ಸೇರುವ ಪಾದರಸದ್ದು. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು, ಕಾರ್ಖಾನೆಯ ಪಾದರಸ ಮೀನಿನ ಮೂಲಕ ಜನರ ಹೊಟ್ಟೆ ಸೇರಿದ್ದೇ ಕಾರಣ ಅಂತ ಆಮೇಲೆ ಗೊತ್ತಾಯಿತು. ಪಾದರಸದ ಬಳಕೆ ತಗ್ಗಿಸಲು ಅದೇ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಆಯಿತು, ಭಾರತ 2018ರಲ್ಲಿ ಸೇರಿತು. 15 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ತೀರಾ ಅಗತ್ಯ ಇಲ್ಲದಿದ್ದರೆ ಅಮಾಲ್ಗಮ್ ಬೇಡ ಅಂತ 2022ರಲ್ಲಿ ನಿರ್ಧಾರವಾಯಿತು. 2034ರೊಳಗೆ ಪೂರ್ತಿ ನಿಲ್ಲಿಸೋಣ ಅಂತ 2025ರಲ್ಲಿ ದೇಶಗಳು ಒಪ್ಪಿದವು. ಮುಂದೆ ತುಂಬಬೇಡಿ ಅನ್ನುವ ಮಾತು ದಾರಿಯಲ್ಲಿ ಎಲ್ಲೋ 'ಇರೋದನ್ನೂ ಕಿತ್ತುಹಾಕಿ' ಅಂತಾಗಿದೆ. ಸರಿಯಾಗಿರುವ ಹಳೇ ಬೆಳ್ಳಿಯನ್ನು ಸುಮ್ನೆ ಕೊರೆದರೆ ಆವಿ ಇನ್ನೂ ಜಾಸ್ತಿ ಏಳುತ್ತದೆ. ಅವ್ವನ ಹಲ್ಲಿನದನ್ನು ನಾವು ಮುಟ್ಟಿಲ್ಲ.

ಎರಡನೆಯದು ಸಿಲ್ವರ್ ಡೈಅಮೈನ್ ಫ್ಲೋರೈಡ್, ಅಂದರೆ ಹಚ್ಚುವ ದ್ರವ. ಇದರಲ್ಲಿ ಪಾದರಸವೇ ಇಲ್ಲ. ಒಸಾಕಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 1970ರ ಹೊತ್ತಿಗೆ ಜಪಾನಿನಲ್ಲಿ ಬಳಕೆಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಲು 2021 ಆಯಿತು. ಹಲ್ಲು ಒರೆಸಿ, ಒಂದು ಹನಿ ಹಚ್ಚಿ, ಒಂದು ನಿಮಿಷ ಬಿಡುತ್ತಾರೆ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. ಹುಳುಕು ನರದ ತನಕ ಇಳಿದಿರಬಾರದು, ಮತ್ತೆ ಮತ್ತೆ ಹಚ್ಚಿಸಬೇಕು. ಹುಳುಕಿನ ಜಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ. ನಮ್ಮೂರಿನ ಬಿದರಿ ಕುಸುರಿ ಕೆಲಸದಲ್ಲಿ ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದಾಗ ಸತುವಿನ ಲೋಹ ಕಪ್ಪಾಗಿ ಬೆಳ್ಳಿ ಹೊಳೆಯುತ್ತದೆ, ಇಲ್ಲಿ ಬೆಳ್ಳಿಯೇ ಕಪ್ಪು.

"ಹೆಣ್ ಹುಡುಗಿ ಅದಾಳ್ರಿ, ಹಲ್ಲು ಕರ್ರಗಾದ್ರ ಹ್ಯಾಂಗ್ರಿ?" ಅಂತ ತಾಯಂದಿರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದು ಹಾಲುಹಲ್ಲು, ಹೇಗೂ ಬಿದ್ದು ಹೊಸದು ಬರುತ್ತದೆ. ಔರಾದ್ ಕಡೆಯ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬರುವ ತಾಯಿಗೆ, ಅತ್ತು ಹೊರಳಾಡುವ ಮಗುವಿಗೆ, ಇಂಜೆಕ್ಷನ್ನೂ ಡ್ರಿಲ್ಲೂ ಇಲ್ಲದ ಈ ಒಂದು ನಿಮಿಷ ಎಷ್ಟು ದೊಡ್ಡದು ಅಲ್ವಾ? ಇದು ಅಂಗನವಾಡಿ ತನಕ ಎಂದೋ ಬರಬೇಕಿತ್ತು.

ಇನ್ನು ಮೊಬೈಲಿನ 'ನ್ಯಾನೋ'. ಲೋಹದ ಕೆಲವೇ ಪರಮಾಣುಗಳು, ಎಣಿಸಿ ಹೇಳುವಷ್ಟು, ಗೊಂಚಲು ಕಟ್ಟಿಕೊಂಡರೆ ಅದು ಕ್ಲಸ್ಟರ್. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಇಂಥವನ್ನು ವರ್ಷಗಳಿಂದ ಮಾಡುತ್ತಿದೆ. 25 ಚಿನ್ನದ ಪರಮಾಣುಗಳ ಗೊಂಚಲಿಗೆ ಬಿಪಿ ಮಾತ್ರೆಯ ಕ್ಯಾಪ್ಟೊಪ್ರಿಲ್ ಹೊದಿಸಿ, ನೀಲಿ ಬೆಳಕು ಬಿಟ್ಟು, ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾವನ್ನು ತಡೆಯಬಹುದು ಅಂತ ಜಪಾನಿನವರು 2017ರಲ್ಲಿ ತೋರಿಸಿದರು. ಆ ನೀಲಿ ಬೆಳಕು ಹೊಸದೇನಲ್ಲ, ಹಲ್ಲಿಗೆ ತುಂಬಿದ ಬಿಳಿ ಸಿಮೆಂಟ್ ಗಟ್ಟಿ ಮಾಡಲು ಡಾಕ್ಟರು ಬಾಯಲ್ಲಿ ಹಿಡಿಯುತ್ತಾರಲ್ಲ, ಅದೇ ಥರದ್ದು. ಪ್ರಯೋಗ ನಡೆದದ್ದು ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಮೇಲೆ. ಎಂಜಲು, ಊಟದ ಚೂರು, ಒಸಡಿನ ರಕ್ತ ಇರುವ ಬಾಯಲ್ಲಿ ಅದು ಎಷ್ಟು ಹೊತ್ತು ನಿಲ್ಲುತ್ತದೆ, ನುಂಗಿದರೆ ಏನಾಗುತ್ತದೆ ಅನ್ನುವ ಪ್ರಶ್ನೆಗಳು ಅದರ ಮುಂದಿವೆ.