ಪದ ಪರಿಚಯ: ರೆವ್‌ಶೇರ್

ಆನ್‌ಲೈನ್‌ನಲ್ಲಿ ಗೇಮ್ ಆರ್ಟ್ ಕೆಲಸ ಹುಡುಕಹೊರಟವರಿಗೆ ಮೊದಲ ದಿನವೇ ಎದುರಾಗುವ ಪದ ರೆವ್‌ಶೇರ್, ಅಂದರೆ ರೆವೆನ್ಯೂ ಶೇರ್. ಗೇಮ್ ಬಿಡುಗಡೆಯಾಗಿ ದುಡ್ಡು ಬಂದರೆ ಅದರಲ್ಲಿ ಇಷ್ಟು ಪಾಲು ನಿಮ್ಮದು, ಅಲ್ಲಿಯವರೆಗೆ ಏನೂ ಇಲ್ಲ ಎಂಬ ಏರ್ಪಾಡು. ಕೆಲಸದ ಪ್ರಕಟಣೆಗಳ ತಲೆಬರಹದಲ್ಲಿ ಇದರ ಜೊತೆ ಇನ್ನೆರಡು ಪದ ಕಾಣುತ್ತವೆ. ‘ಪೇಯ್ಡ್’ ಎಂದಿದ್ದರೆ ಮಾತಾಡಿಕೊಂಡ ಮೊತ್ತ ಸಿಗುತ್ತದೆ. ‘ಹಾಬಿ’ ಎಂದಿದ್ದರೆ ದುಡ್ಡಿನ ಮಾತೇ ಇಲ್ಲ. ಹೊಸಬರು ಎಡವುವುದು ರೆವ್‌ಶೇರ್‌ನಲ್ಲಿ: ಅದು ಪೇಯ್ಡ್ ವೇಷ ತೊಟ್ಟ ಹಾಬಿ.

ಒಂದು ಲೆಕ್ಕ ಹಾಕೋಣ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಗೇಮ್ 500 ಪ್ರತಿ ಹೋಯಿತು, ರಿಯಾಯಿತಿ ಸೇಲ್‌ಗಳೆಲ್ಲ ಸೇರಿ ಸರಾಸರಿ ಬೆಲೆ 6 ಡಾಲರ್ ಎಂದಿಟ್ಟುಕೊಳ್ಳಿ. ಒಟ್ಟು 3,000. ಕೊಂಡು 14 ದಿನ ದಾಟದೆ, 2 ಗಂಟೆಗಿಂತ ಕಡಿಮೆ ಆಡಿದವರು ದುಡ್ಡು ವಾಪಸ್ ಕೇಳಬಹುದು. ಎಷ್ಟೋ ದೇಶಗಳಲ್ಲಿ ಬೆಲೆಯೊಳಗೇ ತೆರಿಗೆ ಸೇರಿರುತ್ತದೆ. ಇವೆರಡಕ್ಕೆ 600 ಹೋಗಿ 2,400 ಉಳಿಯಿತೆನ್ನಿ. ಸ್ಟೀಮ್ ತನ್ನ ಶೇ 30 ಹಿಡಿದುಕೊಂಡ ಮೇಲೆ 1,680. ಸಂಗೀತ, ಟ್ರೇಲರ್, ಜಾಹೀರಾತು ಎಂದು ತಂಡದ ಮುಖ್ಯಸ್ಥ 480 ಖರ್ಚು ತೋರಿಸಿದರೆ 1,200. ಶೇ 20ರ ಪಾಲುದಾರ ಆರ್ಟಿಸ್ಟ್‌ನ ಕೈಗೆ ಬರುವುದು 240 ಡಾಲರ್. 300 ಗಂಟೆ ದುಡಿದಿದ್ದರೆ ಗಂಟೆಗೆ 80 ಸೆಂಟ್. ಅದೂ ಗೇಮ್ ಹೊರಗೆ ಬಂದರೆ. ಬಹಳಷ್ಟು ರೆವ್‌ಶೇರ್ ತಂಡಗಳು ಅಲ್ಲಿಯವರೆಗೆ ಬಾಳುವುದೇ ಇಲ್ಲ. ಪ್ರೋಗ್ರಾಮರ್‌ಗೆ ಪರೀಕ್ಷೆ ಬರುತ್ತದೆ, ಡಿಸೈನರ್‌ಗೆ ನೌಕರಿ ಸಿಗುತ್ತದೆ, ತಂಡ ಹರಟುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಮಾತು ನಿಲ್ಲುತ್ತದೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಸ್ಟೀಮ್ ಹಣ ಹಾಕುವುದು ಗೇಮ್ ನೋಂದಾಯಿಸಿದವರ ಖಾತೆಗೆ. ತಂಡದವರಿಗೆಲ್ಲ ಹಂಚಿ ಕೊಡುವುದು ಅದರ ಕೆಲಸವಲ್ಲ. ನಿಮ್ಮ ಶೇ 20 ಬರುವುದೋ ಇಲ್ಲವೋ ಎಂಬುದು ಆ ಖಾತೆದಾರನ ಪ್ರಾಮಾಣಿಕತೆಗೆ ಬಿಟ್ಟದ್ದು.

ಹಾಗೆಂದು ರೆವ್‌ಶೇರ್ ಎಂದರೆಲ್ಲ ಮೋಸ ಅಂತಲ್ಲ. ಗೇಮ್ ಜ್ಯಾಮ್‌ನಲ್ಲಿ (ಕೆಲವೇ ದಿನಗಳಲ್ಲಿ ಗೇಮ್ ಮಾಡಿ ಮುಗಿಸುವ ಕೂಟ) ಜೊತೆಗೆ ಕೆಲಸ ಮಾಡಿ, ಒಬ್ಬರ ಕೆಲಸ ಇನ್ನೊಬ್ಬರು ಕಂಡಿದ್ದು, ಆಡಿ ನೋಡಬಹುದಾದ ಕಚ್ಚಾ ಆವೃತ್ತಿ (ಬಿಲ್ಡ್) ಆಗಲೇ ಕೈಯಲ್ಲಿದ್ದರೆ ಯೋಚಿಸಬಹುದು. ಬರೀ ‘ಐಡಿಯಾ’ ಇರುವವನು ಪಾಲು ಕೊಡುತ್ತೇನೆಂದರೆ ಬೇಡವೆನ್ನುವುದೇ ವಾಸಿ.

ದುಡ್ಡು ಸಿಗುವ ಕೆಲಸ ಬೇರೆ ಕಡೆ ಇರುತ್ತದೆ. ರೆಡ್ಡಿಟ್‌ನಲ್ಲಿ ಗೇಮ್ ತಂಡ ಕಟ್ಟುವವರ ಗುಂಪಾದ ಐಎನ್‌ಎಟಿಯಲ್ಲಿ ಹಾಬಿ ಮತ್ತು ರೆವ್‌ಶೇರ್ ತಂಡಗಳದ್ದೇ ಕಾರುಬಾರು. ಪೇಯ್ಡ್ ಬೇಕಿದ್ದರೆ ಅಲ್ಲಿಯದೇ ಗೇಮ್‌ಡೆವ್ ಕ್ಲಾಸಿಫೈಡ್ಸ್, ಆರ್ಟ್‌ಸ್ಟೇಷನ್‌ನ ಉದ್ಯೋಗ ವಿಭಾಗ, ವರ್ಕ್ ವಿತ್ ಇಂಡೀಸ್ ನೋಡಬೇಕು. ಬಿಡಿ ಕೆಲಸ ಕೊಡಿಸುವ ಅಪ್‌ವರ್ಕ್ ತಾಣದಲ್ಲಿ ನಿಗದಿತ ಮೊತ್ತದ ಕೆಲಸವಾದರೆ ಗ್ರಾಹಕ ಪ್ರತಿ ಮೈಲ್‌ಸ್ಟೋನ್‌ನ, ಅಂದರೆ ಕೆಲಸದ ಪ್ರತಿ ಹಂತದ, ಹಣವನ್ನು ಮೊದಲೇ ಕಟ್ಟಿರುತ್ತಾನೆ. ಅದು ‘ಫಂಡೆಡ್’ ಎಂದು ಕಾಣುವವರೆಗೆ ಕೆಲಸಕ್ಕೆ ಕೈ ಹಾಕಬಾರದು. ಅಂಥದ್ದೇ ಇನ್ನೊಂದು ತಾಣ ಫೈವರ್ ನಿಮ್ಮ ಗಳಿಕೆಯಲ್ಲಿ ಶೇ 20 ಹಿಡಿಯುತ್ತದೆ, ದರ ಹೇಳುವಾಗ ಅದನ್ನೂ ಸೇರಿಸಿಯೇ ಹೇಳಿ. ಕೆಲಸದ ವಿವರ ಎಂದು ಜಿಪ್ ಫೈಲ್ ಕಳಿಸಿದ್ದು, ಬಿಚ್ಚಿದರೆ ಒಳಗೆ ‘.ಎಸ್‌ಸಿಆರ್’ ಅಥವಾ ‘.ಇಎಕ್ಸ್‌ಇ’ ಕಂಡರೆ ಮುಟ್ಟಬೇಡಿ, ಅವು ಚಿತ್ರವಲ್ಲ, ಒತ್ತಿದರೆ ಓಡುವ ಪ್ರೋಗ್ರಾಂ. ಚಿತ್ರ ನೋಡಲು ಅದ್ಯಾವುದೂ ಬೇಕಿಲ್ಲ.

ಪ್ರಕಟಣೆಗೆ ಉತ್ತರ ಬರೆಯುವಾಗ ನಾಲ್ಕೈದು ಸಾಲು ಸಾಕು: ಕೇಳಿದ ಶೈಲಿಗೆ ಹೊಂದುವ ನಿಮ್ಮ ಮೂರು ಕೆಲಸಗಳ ಲಿಂಕ್, ದರ, ಎಂದಿನಿಂದ ಬಿಡುವು. ಪಿಕ್ಸೆಲ್ ಆರ್ಟ್ (ಪುಟ್ಟ ಚೌಕಗಳಿಂದ ಕಟ್ಟಿದ ಚಿತ್ರ) ಕೇಳಿದವರಿಗೆ ತೈಲವರ್ಣದಂಥ ಡ್ರ್ಯಾಗನ್ ಕಳಿಸಿದರೆ ಅವರು ಮುಂದಿನವರ ಲಿಂಕ್ ಒತ್ತುತ್ತಾರೆ. ಅವರಿಗೆ ತಿಳಿಯಬೇಕಾದದ್ದು ನಿಮ್ಮ ಚಿತ್ರ ಗೇಮ್ ಎಂಜಿನ್‌ನೊಳಗೆ (ಗೇಮ್ ಕಟ್ಟುವ ಸಾಫ್ಟ್‌ವೇರ್) ಕೂರುತ್ತದೆಯೇ ಎಂಬುದು. ಪಾತ್ರದ ಚಲನೆಯ ಚಿತ್ರಗಳನ್ನೆಲ್ಲ (ಫ್ರೇಮ್) ಒಂದೇ ಹಾಳೆಯಲ್ಲಿ ಜೋಡಿಸಿದ ಸ್ಪ್ರೈಟ್‌ಶೀಟ್‌ನಲ್ಲಿ ಎಲ್ಲ ಫ್ರೇಮ್‌ಗಳ ಅಳತೆ ಒಂದೇ ಇರಬೇಕು, ನೆಲಕ್ಕೂರಿದ ಪಾದ ಒಂದೇ ಪಿಕ್ಸೆಲ್ ಸಾಲಿನಲ್ಲಿ ನಿಲ್ಲಬೇಕು. ಒಂದು ಪಿಕ್ಸೆಲ್ ತಪ್ಪಿದರೂ ಪಾತ್ರ ನಡೆಯುವಾಗ ಕುಪ್ಪಳಿಸುತ್ತದೆ. ನೆಲ, ಗೋಡೆ ಕಟ್ಟಲು ಪಕ್ಕಪಕ್ಕ ಜೋಡಿಸುವ ಚೌಕ ಚಿತ್ರಗಳಾದ ಟೈಲ್‌ಗಳ ಅಂಚಿನ ಬಣ್ಣವನ್ನು ಒಂದೆರಡು ಪಿಕ್ಸೆಲ್ ಹೊರಗೆ ಚಾಚಿಸದಿದ್ದರೆ ಕ್ಯಾಮೆರಾ ಸರಿದಾಗ ನಡುನಡುವೆ ಗೆರೆ ಮೂಡುತ್ತದೆ. ಯೂನಿಟಿ ಎಂಬ ಎಂಜಿನ್‌ನಲ್ಲಿ ಚಿತ್ರದ ಫಿಲ್ಟರ್ ‘ಪಾಯಿಂಟ್’ಗೆ ಬದಲಿಸದೆ ತೆಗೆದ ಸ್ಕ್ರೀನ್‌ಶಾಟ್ ಮಸುಕಾಗಿ, ತಪ್ಪು ನಿಮ್ಮದೇ ಎಂಬಂತೆ ಕಾಣುತ್ತದೆ. 3ಡಿಯವರಾದರೆ ವೈರ್‌ಫ್ರೇಮ್ (ಮಾದರಿಯ ಗೆರೆಬಲೆ), ಯುವಿ (ಮಾದರಿಯ ಮೇಲ್ಮೈ ಬಿಚ್ಚಿ ಹರಡಿದ ನಕ್ಷೆ), ಟ್ರಯಾಂಗಲ್ ಸಂಖ್ಯೆ (ಮಾದರಿಯಲ್ಲಿರುವ ತ್ರಿಕೋನಗಳು) ತೋರಿಸಿ.

ದರವನ್ನು ಗಾಳಿಯಲ್ಲಿ ಹೇಳಬೇಡಿ, ಫ್ರೇಮ್ ಎಣಿಸಿ ಹೇಳಿ. 64×64 ಪಿಕ್ಸೆಲ್‌ನ ಪಾತ್ರಕ್ಕೆ ನಿಂತದ್ದು 4, ನಡೆಯುವುದು 8, ಹೊಡೆಯುವುದು 6, ಒಟ್ಟು 18 ಫ್ರೇಮ್. ಒಂದಕ್ಕೆ 40 ನಿಮಿಷದಂತೆ 12 ಗಂಟೆ, ತಿದ್ದುಪಡಿಗೆ 3, ಒಟ್ಟು 15. ನಿಮ್ಮ ಗಂಟೆಯ ದರ 800 ರೂಪಾಯಿಯಾದರೆ 12,000. ಶೇ 30ರಿಂದ 50ರವರೆಗೆ ಮುಂಗಡ, ತಿದ್ದುಪಡಿ ಎರಡೇ ಸುತ್ತು, ಲೇಯರ್ ಇರುವ ಮೂಲ ಫೈಲ್ ಪೂರ್ತಿ ಹಣ ಬಂದ ಮೇಲೆ. ‘ಇದೊಂದು ಚೂರು ಬದಲಾಯಿಸಿ’ ಎಂಬ ಮಾತಿಗೆ ಕೊನೆಯಿಲ್ಲದಿರುವುದರಿಂದಲೇ ಆ ‘ಎರಡು’ ಬರಹದಲ್ಲಿ ಇರಬೇಕು.

ಅಷ್ಟು ಕೊಡಲಾಗದು, ಪಾಲು ಇಟ್ಟುಕೊಳ್ಳಿ ಎಂದು ಒಳ್ಳೆಯ ತಂಡವೇ ಕೇಳಿದರೆ ನಡುದಾರಿಯಿದೆ. ನಿಮ್ಮ ದರದ ಅರ್ಧವನ್ನಾದರೂ ನಗದಾಗಿ ಪಡೆದು, ಉಳಿದದ್ದಕ್ಕೆ ಪಾಲು. ಆಗ ಒಪ್ಪಂದದಲ್ಲಿ ಗ್ರಾಸ್ (ಖರ್ಚು ಕಳೆಯುವ ಮೊದಲಿನ ಮೊತ್ತ) ಅಥವಾ ನೆಟ್ (ಕಳೆದ ಮೇಲಿನದು) ಎಂದಷ್ಟೇ ಬರೆದರೆ ಸಾಲದು. ಸ್ಟೀಮ್‌ನಿಂದ ಖಾತೆಗೆ ಜಮೆಯಾದ ಮೊತ್ತದ ಮೇಲೆ ಪಾಲು ಎಂದೇ ಇರಲಿ. ಇಲ್ಲವಾದರೆ ಮೇಲಿನ ಲೆಕ್ಕದ ಆ 480ರಂಥ ಖರ್ಚುಗಳು ಬೆಳೆಯುತ್ತಾ ಹೋಗುತ್ತವೆ. ಕನ್ಸೋಲ್ ಆವೃತ್ತಿ, ಡಿಎಲ್‌ಸಿಗೂ (ಆಮೇಲೆ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗ) ಪಾಲು ಅನ್ವಯಿಸುತ್ತದೆಯೇ, ಮಾರಾಟದ ವರದಿಯನ್ನು ಎಷ್ಟು ತಿಂಗಳಿಗೊಮ್ಮೆ ತೋರಿಸುತ್ತಾರೆ ಎಂಬುದೂ ಬೇಕು.

ಹಕ್ಕಿನ ಸಾಲನ್ನು ಎರಡು ಸಲ ಓದಿ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ವ್ಯಾಪ್ತಿ ಬರೆಯದಿದ್ದರೆ ಭಾರತದೊಳಗೆ ಎಂದು ಭಾವಿಸಲಾಗುತ್ತದೆ. ಹಾಗಾಗಿಯೇ ಹೊರದೇಶದ ತಂಡಗಳು ‘ಶಾಶ್ವತ, ವಿಶ್ವವ್ಯಾಪಿ’ ಎಂದು ಬರೆಸಿಕೊಳ್ಳುತ್ತವೆ, ಅದರ ಜೊತೆ ತಮ್ಮ ದೇಶದ ಕಾನೂನೇ ಅನ್ವಯ ಎಂಬ ಸಾಲನ್ನೂ ಸೇರಿಸುತ್ತವೆ. ಪೂರ್ತಿ ಹಣ ಕೊಟ್ಟವರು ಹಾಗೆ ಕೇಳುವುದು ನ್ಯಾಯವೇ. ರೆವ್‌ಶೇರ್‌ನಲ್ಲಾದರೆ ‘18 ತಿಂಗಳೊಳಗೆ ಗೇಮ್ ಬಿಡುಗಡೆಯಾಗದಿದ್ದರೆ ಚಿತ್ರಗಳ ಹಕ್ಕು ಆರ್ಟಿಸ್ಟ್‌ಗೆ ಮರಳುತ್ತದೆ’ ಎಂಬ ಷರತ್ತು ಸೇರಿಸಿ. ತಂಡ ಚದುರಿದರೂ ಆ ಟೈಲ್‌ಸೆಟ್‌ ಅನ್ನು ನೀವು ಗೇಮ್, ಚಿತ್ರ ಮಾರುವ ತಾಣಗಳಾದ ಇಚ್ ಡಾಟ್ ಐಓದಲ್ಲೋ ಯೂನಿಟಿ ಅಸೆಟ್ ಸ್ಟೋರ್‌ನಲ್ಲೋ ಮಾರಿಕೊಳ್ಳಬಹುದು.